ರೊಟ್ಟಿ ಡಬ್ಬಿಯ ಮೇಲೆ ಮಾಡಿದ ಸಹಿ

ಬಸಲಿಂಗವ್ವನ ಖಾನಾವಳಿ ಇರುವುದು ಹುನಗುಂದಕ್ಕೂ ಇಳಕಲ್ಲಿಗೂ ನಡುವಿನ ಒಂದು ಊರಿನಲ್ಲಿ, ಪೊಲೀಸ್ ಠಾಣೆಯ ಕಂಪೌಂಡ್ ಗೋಡೆಗೆ ಬೆನ್ನು ಹಚ್ಚಿಕೊಂಡು. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಠಾಣೆ ಯಾವುದೆಂದು ಹೇಳಿದಂತಾಗುತ್ತದೆ. ಆಮೇಲೆ ಇಂಥದು ಅಲ್ಲಿ ಮಾತ್ರ ನಡೆಯುತ್ತದೆಂದು ಉಳಿದ ಊರಿನವರು ನೆಮ್ಮದಿಯಾಗಿ ಕೂತುಬಿಡುತ್ತಾರೆ.

ತಗಡಿನ ಸೂರು, ಎರಡು ಒಲೆ, ನಾಲ್ಕು ಬೆಂಚು. ಗಂಡ ತೀರಿಕೊಂಡ ಮರುವರ್ಷ ಹಚ್ಚಿದ ಒಲೆ ಇಪ್ಪತ್ತೆರಡು ವರ್ಷ ಆರಿಲ್ಲ. ಆಕೆ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಬಸ್ ಸ್ಟ್ಯಾಂಡಿನಲ್ಲಿ ಕೂತವರು ಊಟದ ಹೊತ್ತಾಯಿತೆಂದು ಏಳುತ್ತಾರೆ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಒಡೆದ ಉಳ್ಳಾಗಡ್ಡಿ. ಠಾಣೆಗೆ ದಿನಕ್ಕೆರಡು ಸಲ ಡಬ್ಬಿ ಹೋಗುತ್ತದೆ. ಅವರಿಗೆಂದೇ ಬೇರೆ ಇಟ್ಟ ಅಗಲವಾದ ಸ್ಟೀಲಿನ ಡಬ್ಬಿ ಅದು, ಇಪ್ಪತ್ತು ರೊಟ್ಟಿ ಮಡಚದೆ ಹಿಡಿಯುವಂಥದು.

ಖಾಲಿ ಡಬ್ಬಿ ಮರಳಿ ಬರುವಾಗ ಒಮ್ಮೊಮ್ಮೆ ಅದರ ಮೇಲೊಂದು ಕಾಗದವೂ ಬರುತ್ತಿತ್ತು. ತರುವವನು ಹೆಡ್ ಕಾನ್‌ಸ್ಟೇಬಲ್ ಅಮಾತೆಪ್ಪ. ಠಾಣೆಯಲ್ಲಿ ಬರೆಯುವ ಕೆಲಸವೆಲ್ಲ ಅವನದು. “ಯಕ್ಕಾ, ಒಂದು ಸಹಿ ಮಾಡು” ಎನ್ನುತ್ತಿದ್ದ. ಬಸಲಿಂಗವ್ವ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿ, ಕಾಗದವನ್ನು ಅದೇ ಡಬ್ಬಿಯ ಮುಚ್ಚಳದ ಮೇಲೆ ಹಾಸಿ, ನಾಲಿಗೆ ಕಚ್ಚಿಕೊಂಡು ತನ್ನ ಹೆಸರು ಬರೆಯುತ್ತಿದ್ದಳು. ಸಾಕ್ಷರತೆಯ ತರಗತಿಗಳು ನಡೆದ ಕಾಲದಲ್ಲಿ ಕಲಿತ ಅಕ್ಷರ. ಬಸ್ಸಿನ ಬೋರ್ಡು ಕೂಡಿಸಿಕೊಂಡು ಓದುತ್ತಾಳೆ, ಪೊಲೀಸರ ಕೈಬರಹ ಮಾತ್ರ ಆಕೆಗೆ ಹತ್ತುವುದಿಲ್ಲ. ಓಣಿಯಲ್ಲಿ ಇಷ್ಟು ಹೆಂಗಸರಿದ್ದರೂ ಸಾಹೇಬರಿಗೆ ಬೇಕಾದದ್ದು ತನ್ನ ಸಹಿ ಎಂಬ ಹೆಮ್ಮೆ ಒಳಗೊಳಗೆ ಇತ್ತು. ಸುಳ್ಳೇಕೆ, ಬಹಳವೇ ಇತ್ತು.

ಆ ಕಾಗದಕ್ಕೆ ಪಂಚನಾಮೆ ಎನ್ನುತ್ತಾರೆ. ಪೊಲೀಸರು ಯಾರದಾದರೂ ಮನೆ ಹುಡುಕಿದರೆ, ಅಲ್ಲಿಂದ ಏನಾದರೂ ವಶಪಡಿಸಿಕೊಂಡರೆ, ಊರಿನ ಇಬ್ಬರು ಮರ್ಯಾದಸ್ಥರು ಜೊತೆಗಿದ್ದು ಕಣ್ಣಾರೆ ನೋಡಬೇಕು. ನೋಡಿದ್ದನ್ನು ಬರೆದ ಕಾಗದಕ್ಕೆ ಅವರು ಸಹಿ ಹಾಕಬೇಕು. ಹಾಗೆ ನೋಡಿ ಸಹಿ ಹಾಕುವವರೇ ಪಂಚರು. ಕಾಗದಗಳ ಪ್ರಕಾರ ಬಸಲಿಂಗವ್ವ ಸುತ್ತಲಿನ ಹತ್ತೂರಿನ ಅಡುಗೆಮನೆ, ಹಿತ್ತಲು, ಟ್ರಂಕು ಎಲ್ಲ ನೋಡಿ ಬಂದಿದ್ದಾಳೆ. ಖರೆ ಹೇಳಬೇಕೆಂದರೆ ಆಕೆ ಒಲೆ ಬಿಟ್ಟು ಎದ್ದವಳಲ್ಲ.

ಇದು ಕೆಟ್ಟತನದಿಂದ ಮಾಡಿದ್ದಲ್ಲ. ಆ ಕಡೆ ಸಾಕ್ಷಿ ಸಹಿ ಎಂದರೆ ಬೇರೆಯೇ ಲೆಕ್ಕ. ಮದುವೆಯ ಮಾತುಕತೆಯ ಯಾದಿಗೆ ಸಹಿ ಹಾಕುವ ನೆರೆಯವನು ಕೊಟ್ಟದ್ದು ತಗೊಂಡದ್ದನ್ನು ಮುಟ್ಟಿ ನೋಡಿ ಹಾಕುವುದಿಲ್ಲ. ಅಣ್ಣತಮ್ಮಂದಿರು ಹೊಲ ಹಂಚಿಕೊಂಡ ಕಾಗದಕ್ಕೆ ಸಹಿ ಹಾಕುವವನು ಹಗ್ಗ ಹಿಡಿದು ಅಳೆಯುವುದಿಲ್ಲ. ಕೇಳಿದವನು ನಮ್ಮವನು, ಅಷ್ಟು ಸಾಕು. ಒಲ್ಲೆನೆಂದರೆ ‘ನಿನ್ನ ಮೇಲೆ ನನಗೆ ನಂಬಿಕೆಯಿಲ್ಲ’ ಎಂದು ಮುಖದ ಮೇಲೆ ಅಂದಂತೆ. ಅಮಾತೆಪ್ಪ ಹದಿನಾಲ್ಕು ವರ್ಷದಿಂದ ಆಕೆಯ ಕೈಯ ರೊಟ್ಟಿ ಉಂಡವನು. ಅವನ ಕಾಗದಕ್ಕೆ ಸಹಿ ಹಾಕುವುದನ್ನು ಬಸಲಿಂಗವ್ವ ಒಂದು ಕೆಲಸವೆಂದೇ ತಿಳಿದಿರಲಿಲ್ಲ.

ಹೋದ ವರ್ಷ ಶೀಗಿ ಹುಣ್ಣಿಮೆ ಕಳೆದ ವಾರ ಅವನು ಬೇರೆ ಥರದ ಕಾಗದ ತಂದ. ಅದು ಸಮನ್ಸು; ಅಂಥದು ಹಿಂದೆಯೂ ಎರಡು ಸಲ ಬಂದಿತ್ತು, ಆಗ ಬಸಲಿಂಗವ್ವ ಹೋಗಿ ‘ಹೌದು, ಸಹಿ ನಂದ’ ಎಂದು ಹೇಳಿ ಬಂದಿದ್ದಳು. ಒಂಬತ್ತು ದಿನ ಬಿಟ್ಟು ಹುನಗುಂದದ ಕೋರ್ಟಿಗೆ ಹೋಗಿ ಸಾಕ್ಷಿ ಹೇಳಬೇಕಿತ್ತು.

“ಕಸ್ತೂರಿ ಅಂಬೋ ಹುಡುಗಿ ಕೇಸು ಯಕ್ಕಾ. ದೊಡ್ಡ ಮನಿಯೊಳಗ ಮುದುಕಿ ಸೇವಾ ಮಾಡಾಕ ಇದ್ಲಲ್ಲಾ, ಆಕಿ. ಆ ಮುದುಕಿ ಕೊರಳಾಗಿನ ಬಂಗಾರದ ಬೋರಮಾಳ ಕಳುವಾಗಿ ಈಕಿ ಮನ್ಯಾಗ ಸಿಕ್ತು.”

“ಸಿಕ್ಕಿದ್ದು ನನಗ ಗೊತ್ತಿಲ್ಲಲ್ರಿ ಜಮಾದಾರ್ರ.”

“ನಿನ್ನ ಮುಂದನ ಸಿಕ್ಕೈತಿ” ಎಂದ ಅಮಾತೆಪ್ಪ ಸಮಾಧಾನದಿಂದ. “ಬರ್ದೈತಿ. ಕೆಳಗ ನಿನ್ನ ಸಹಿ ಐತಿ. ಹೋಗಿದ್ನಿ, ನೋಡೀನಿ, ಸಹಿ ನಂದ. ಮೂರ ಮಾತು. ಜೋಳದ ಡಬ್ಬಿಯೊಳಗ ಇತ್ತು, ಕೆಂಪು ಅರಿವ್ಯಾಗ ಸುತ್ತಿತ್ತು. ಎಲ್ಲಿ, ಒಮ್ಮೆ ಹೇಳು ನೋಡೋಣು.”

ಬಸಲಿಂಗವ್ವ ಹೇಳಿದಳು. ಜೋಳದ ಡಬ್ಬಿ, ಕೆಂಪು ಅರಿವೆ. ಅಮಾತೆಪ್ಪ ತಲೆಯಾಡಿಸಿದ. ಹೋಗುವಾಗ ಬಾಗಿಲಲ್ಲಿ ನಿಂತು ತಗಡಿನ ಸೂರನ್ನು ಒಮ್ಮೆ ನೋಡಿದ. “ಈ ಜಾಗಾ ಸರ್ಕಾರದ್ದು. ಇಷ್ಟ ವರ್ಷ ಯಾರರ ನಿನಗ ಏನರ ಅಂದಾರೇನು?”

“ಇಲ್ರಿ.”

“ಹಾಂ, ಮತ್ತ?” ಎಂದು ನಕ್ಕ. ಅವನು ಬೆದರಿಸಿದ್ದಲ್ಲ, ಉಪಕಾರ ನೆನಪಿಸಿದ್ದು ಅಷ್ಟೇ.

ಮರುದಿನದಿಂದ ರೊಟ್ಟಿ ಕೆಟ್ಟವು. ಇಪ್ಪತ್ತೆರಡು ವರ್ಷ ಕಣ್ಣು ಮುಚ್ಚಿ ಬಡಿದ ಕೈ ಅದು; ಈಗ ಅಂಚು ಬಿರಿಯುತ್ತಿತ್ತು, ಹೆಂಚಿನ ಮೇಲೆ ಹಾಕುವಾಗ ಹರಿಯುತ್ತಿತ್ತು. ಹಿಟ್ಟು ನಾದುತ್ತ ‘ಜೋಳದ ಡಬ್ಬಿ, ಕೆಂಪು ಅರಿವಿ’ ಎಂದು ಬಾಯೊಳಗೇ ಅನ್ನುತ್ತಿದ್ದಳು. ಡಬ್ಬಿ ಸ್ಟೀಲಿನದೋ ತಗಡಿನದೋ ಎಂದು ವಕೀಲರು ಕೇಳಿದರೆ? ಆ ಮನೆಗೆ ಎಷ್ಟು ಬಾಗಿಲೆಂದು ಕೇಳಿದರೆ? ನೋಡಿದ್ದನ್ನು ಮರೆತವರಿಗೆ ನೆನಪು ಮಾಡಿಕೊಳ್ಳಲು ಏನಾದರೂ ಇರುತ್ತದೆ. ನೋಡದೇ ಇದ್ದದ್ದನ್ನು ಎಲ್ಲಿಂದ ತರುವುದು?

ಇದನ್ನು ಮೊದಲು ಹಿಡಿದವನು ಬಸಯ್ಯ. ಕೋರ್ಟಿನಲ್ಲಿ ಬೆಂಚ್ ಕ್ಲಾರ್ಕ್ ಆಗಿ ನಿವೃತ್ತನಾದವನು, ಹೆಂಡತಿ ಇಲ್ಲ, ಮಧ್ಯಾಹ್ನದ ಊಟ ದಿನಾ ಇಲ್ಲೇ. ಮೂವತ್ತು ವರ್ಷ ನ್ಯಾಯಾಧೀಶರ ಕಾಲ ಬುಡದಲ್ಲಿ ಕೂತು ತೀರ್ಪು ಕೇಳಿದ್ದರಿಂದ ಅರ್ಧ ತಾನೇ ಕೊಟ್ಟೆನೆಂಬ ಗತ್ತು ಅವನಿಗೆ.

“ಏನವಾ ಬಸಲಿಂಗವ್ವ, ರೊಟ್ಟಿ ಹಿಂಗ್ಯಾಕ ಹರದಾವು?”

ಆಕೆ ಸಮನ್ಸು ತಂದು ಮುಂದಿಟ್ಟಳು. ಬಸಯ್ಯ ಕನ್ನಡಕ ಏರಿಸಿ ಓದಿದ. “ಹೋಗಿದ್ದಿಯೇನು?” ಎಂದ. ಆಕೆ ಇಲ್ಲವೆಂದು ತಲೆಯಲ್ಲಾಡಿಸಿದಳು. ಆತ ತಟ್ಟೆ ಪಕ್ಕಕ್ಕೆ ಸರಿಸಿದ.

“ಪಂಚ ಅಂದ್ರ ಯಾರ ಕಡಿಯವ ಅಂತ ತಿಳಕೊಂಡಿ ನೀ?”

“ಪೊಲೀಸರ ಕಡಿಯವ್ರರಿ, ಅಯ್ಯಾರ. ಅವರ ಕರೀತಾರಲ್ರಿ.”

“ತಪ್ಪು. ಅವರು ಕರೀತಾರ ಖರೆ. ಆದ್ರ ಕಾಯಿದೆ ಪಂಚನ್ನ ಇಟ್ಟಿದ್ದು ಮನಿಯವರ ಸಲುವಾಗಿ. ಪೊಲೀಸರು ಒಳಗ ಹೊಕ್ಕಾಗ ಏನರ ತಂದು ಇಡಬಾರದು, ಏನರ ಒಯ್ಯಬಾರದು, ಮನಿಯವರ ಮಾನಾ ಕಳೀಬಾರದು ಅಂತ ಹೊರಗಿನವರ ಎರಡು ಜೋಡಿ ಕಣ್ಣು. ನೀ ಆ ಕಣ್ಣು.” ಬೆರಳೆತ್ತಿ ಆಕೆಯನ್ನೇ ತೋರಿಸಿದ. “ದೊಡ್ಡ ಕೋರ್ಟಿನ್ಯಾಗ ಒಂಬತ್ತು ಮಂದಿ ನ್ಯಾಯಾಧೀಶರು ಕೂಡಿ ತೀರ್ಪು ಕೊಟ್ಟಾರ, ಮನುಷ್ಯಾಗ ತನ್ನದು ಅಂತ ಒಂದು ಖಾಸಗಿ ಬದುಕು ಇರತೈತಿ, ಅದರೊಳಗ ಸರ್ಕಾರ ಸುಮ್ಮ ಸುಮ್ಮನ ಕೈ ಹಾಕಬಾರದು ಅಂತ. ಆ ತೀರ್ಪು ದಿಲ್ಲಿಯೊಳಗ ಆತು. ಅದು ಕಸ್ತೂರಿ ಮನಿ ಮುಟ್ಟಬೇಕಂದ್ರ ಯಾರು ಒಯ್ಯಬೇಕು? ನೀ ಒಯ್ಯಬೇಕಿತ್ತು. ನೀ ಇಲ್ಲೇ ರೊಟ್ಟಿ ಬಡಕೋತ ಕುಂತಿ.”

ಬಸಲಿಂಗವ್ವನಿಗೆ ಸಿಟ್ಟು ಬಂತು. “ಕದ್ದಿದ್ರ ಕದ್ದಾಳ. ನಾ ಹೋದ್ರೇನು, ಬಿಟ್ರೇನು?”

“ಕದ್ದಾಳೇನು?”

“ಗೊತ್ತಿಲ್ರಿ.”

“ನಿನಗ ಗೊತ್ತೈತಿ ಅಂತ ಬರ್ದೈತಿ ಅಲ್ಲಿ” ಎಂದ ಬಸಯ್ಯ. ಆಮೇಲೆ ದನಿ ತಗ್ಗಿಸಿ ಇನ್ನೊಂದು ಸಂಗತಿ ಹೇಳಿದ. ಹುಡುಕುವಾಗ ಪೊಲೀಸರು ಕಸ್ತೂರಿಯ ಟ್ರಂಕು ಅಂಗಳದಲ್ಲಿ ಸುರುವಿದ್ದರಂತೆ. ಅದರಲ್ಲಿ ಬಾಗಲಕೋಟೆಯ ದವಾಖಾನೆಯ ಚೀಟಿ, ಗುಳಿಗೆಯ ಪಟ್ಟಿ ಇದ್ದವು. ಆ ಹುಡುಗಿಗೆ ಚಿಕ್ಕಂದಿನಿಂದ ಫಿಟ್ಸು; ಗುಳಿಗೆ ನುಂಗಿದರೆ ಏನೂ ಆಗುವುದಿಲ್ಲ, ಮನೆಯವರ ಹೊರತು ಯಾರಿಗೂ ತಿಳಿದಿರಲಿಲ್ಲ. ಒಬ್ಬ ಪೊಲೀಸ ಚೀಟಿಯನ್ನು ಓಣಿಗೆಲ್ಲ ಕೇಳುವಂತೆ ಓದಿದ. ಎಂಟು ದಿನದಲ್ಲಿ ಬಾದಾಮಿ ಕಡೆಯ ಗಂಡಿನವರು ಮದುವೆಯ ನಿಶ್ಚಯ ಮುರಿದರು.

“ಅಲ್ಲೊಬ್ಬ ಹಿರೇ ಹೆಣ್ಣಮಗಳು ನಿಂತಿದ್ರ ‘ಅದನ್ನ ಯಾಕ ಓದ್ತೀರೋ ಯಪ್ಪಾ, ಮಡಚಿ ಇಡ್ರಿ’ ಅಂತಿದ್ಲು” ಎಂದ ಬಸಯ್ಯ. “ನೀ ಇದ್ರ ಅಂತಿದ್ದಿಲ್ಲೇನು?”

ಅಂತಿದ್ದೆ. ಖಂಡಿತ ಅಂತಿದ್ದೆ. ಬಸಲಿಂಗವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಲೆಯ ಕಡೆ ತಿರುಗಿದಳು.

“ಈಗ ಏನ ಮಾಡ್ಲಿ ಹೇಳ್ರಿ, ಅಯ್ಯಾರ.”

“ಅದನ್ನ ನಾ ಹೇಳಿದ್ರ ಅಮಾತೆಪ್ಪಗ ನನಗ ಏನ ಫರಕು? ಇಷ್ಟು ತಿಳಕೊ. ಈಗಿನ ಹೊಸ ಕಾಯಿದೆ ಪ್ರಕಾರ ಹುಡುಕೂದರ ವಿಡಿಯೋ ತಗೀಬೇಕು. ತಗದಾರ. ಅದರೊಳಗ ಡಬ್ಬಿ ಐತೆಂತ, ಬೋರಮಾಳ ಐತೆಂತ, ಒಬ್ಬ ಪೊಲೀಸನ ಕೈ ಐತೆಂತ. ಡಬ್ಬಿ ಮುಚ್ಚಳ ತಗದ ಮ್ಯಾಲಿಂದ ಸುರು ಆಗೇತಿ ಅದು. ಅದಕಿಂತ ಮೊದಲ ಡಬ್ಬಿಯೊಳಗ ಏನಿತ್ತು ಅಂಬೋದಕ್ಕ ನಿನ್ನ ಮಾತ ಆಧಾರ. ಇನ್ನೊಬ್ಬ ಪಂಚ ಸತ್ತಾನ.”

ಅಲ್ಲಿಂದ ಮುಂದೆ ಬಸಲಿಂಗವ್ವ ದಿನ ಎಣಿಸಿದಳು. ‘ಹೌದು’ ಎಂದರೆ ಆ ಹುಡುಗಿ ಜೈಲಿಗೆ ಹೋಗುತ್ತಾಳೆ. ‘ಇಲ್ಲ’ ಎಂದರೆ ಸಹಿ ಸುಳ್ಳಾಗುತ್ತದೆ, ಠಾಣೆ ಮುನಿಯುತ್ತದೆ, ತಲೆಯ ಮೇಲಿನ ತಗಡು ಹೋಗುತ್ತದೆ. ಐವತ್ತಾರನೆಯ ವಯಸ್ಸಿನಲ್ಲಿ ಯಾರ ಮನೆಯ ಒಲೆಯ ಮುಂದೆ ಕೂರಬೇಕು? ಒಂದು ದಿನ ಜ್ವರ ಬಂದರೆ ಸಾಕೆನಿಸಿತು. ಇನ್ನೊಂದು ದಿನ ನಿಜವಾಗಿಯೂ ಮೈ ಬಿಸಿಯಾಯಿತು; ಸಂಜೆಗೆ ಇಳಿದುಹೋಯಿತು. ಅಮಾತೆಪ್ಪ ದಿನಾ ಡಬ್ಬಿ ಕೊಡುವಾಗ “ಕೆಂಪು?” ಎನ್ನುತ್ತಿದ್ದ. ಆಕೆ “ಅರಿವಿ” ಎನ್ನಬೇಕು. ಅವನಿಗೆ ಅದು ಚೇಷ್ಟೆ.

ಗುರುವಾರ ಹುನಗುಂದದ ಬಸ್ಸು ಹತ್ತುವವರೆಗೂ, ಕೋರ್ಟಿನ ಮೆಟ್ಟಿಲೇರುವವರೆಗೂ ಆಕೆ ‘ಹೌದು’ ಎನ್ನುವವಳೇ ಇದ್ದಳು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಧೈರ್ಯವಂತೆಯೆಂದು ಆಕೆಯನ್ನು ಹೊಗಳಿದರೆ ಆಕೆಯೇ ನಗುತ್ತಾಳೆ.

ಕಟಕಟೆಯಲ್ಲಿ ನಿಲ್ಲಿಸಿ ಪ್ರಮಾಣ ಮಾಡಿಸಿದರು. ಸರ್ಕಾರಿ ವಕೀಲರು ಕಾಗದ ತೋರಿಸಿದರು.

“ಈ ಸಹಿ ನಿಮ್ಮದೇ?”

“ನಂದರಿ.”

“ನೀವು ಸ್ಥಳದಲ್ಲಿ ಹಾಜರಿದ್ದು, ನಿಮ್ಮ ಸಮಕ್ಷಮ ಆರೋಪಿಯ ಮನೆಯ ಜೋಳದ ಡಬ್ಬಿಯಿಂದ ಬೋರಮಾಳ ವಶಪಡಿಸಿಕೊಂಡರು. ಸರಿಯೇ?”

ಬಸಲಿಂಗವ್ವ ಬಾಯಿ ತೆರೆದಳು. ಆರೋಪಿಗಳು ನಿಲ್ಲುವ ಜಾಗದಲ್ಲಿ ಕಸ್ತೂರಿ ನಿಂತಿದ್ದಳು. ಬಡಕಲು ಹುಡುಗಿ, ಇಪ್ಪತ್ತಮೂರಿರಬಹುದು. ಆಕೆ ಬೇಡಿಕೊಳ್ಳುವ ಹಾಗೆ ನೋಡಿದ್ದರೆ ಬಸಲಿಂಗವ್ವ ಮುಖ ತಿರುವಿಬಿಡುತ್ತಿದ್ದಳೇನೋ. ಆಕೆ ಹಾಗೆ ನೋಡಲಿಲ್ಲ. ಯಾರೀ ಹೆಂಗಸು ಎಂದು ಗುರುತಿಗಾಗಿ ತಡಕಾಡುತ್ತಿದ್ದಳು. ತನ್ನನ್ನು ಜೈಲಿಗೆ ಕಳಿಸಬಲ್ಲ ಈಕೆಯನ್ನು ಆ ಹುಡುಗಿ ಜನ್ಮದಲ್ಲಿ ಮೊದಲ ಸಲ ನೋಡುತ್ತಿದ್ದಳು.

“ಹೇಳಿ ಅಮ್ಮಾ” ಎಂದರು ನ್ಯಾಯಾಧೀಶರು. “ನೀವು ಆ ಮನೆಗೆ ಹೋಗಿದ್ದಿರಾ?”

“ಇಲ್ರಿ” ಎಂದಳು ಬಸಲಿಂಗವ್ವ. ತನ್ನ ದನಿ ತನಗೇ ಬೇರೆಯವರದೆನಿಸಿತು. “ನಾ ಹೋಗಿದ್ದಿಲ್ರಿ ಸಾಹೇಬ್ರ. ಈ ಹುಡುಗಿನ್ನ ಇವತ್ತ ನೋಡಾಕ ಹತ್ತೀನಿ.”

“ಹಾಗಾದರೆ ಎಲ್ಲಿ ಸಹಿ ಮಾಡಿದಿರಿ?”

“ನನ್ನ ಖಾನಾವಳ್ಯಾಗ್ರಿ. ರೊಟ್ಟಿ ಡಬ್ಬಿ ಮ್ಯಾಲೆ ಇಟ್ಟು.”

ಹಿಂದೆ ಯಾರೋ ನಕ್ಕರು. ನ್ಯಾಯಾಧೀಶರು ನಗಲಿಲ್ಲ, ಆ ಮಾತನ್ನು ಇದ್ದ ಹಾಗೆ ಟೈಪು ಮಾಡಿಸಿದರು. ಸರ್ಕಾರಿ ವಕೀಲರು ಈ ಸಾಕ್ಷಿ ತಮಗೆ ಪ್ರತಿಕೂಲಳಾಗಿದ್ದಾಳೆಂದು ಹೇಳಿ, ಆಕೆಯನ್ನೇ ಪ್ರಶ್ನಿಸಲು ಅನುಮತಿ ಪಡೆದರು. ಆರೋಪಿಯ ಕಡೆ ಸೇರಿ ಸುಳ್ಳು ಹೇಳುತ್ತಿದ್ದೀ ಎಂದರು. ಆಕೆ ಇಲ್ಲರೀ ಎಂದಳು. ಬಾಗಿಲ ಬಳಿ ನಿಂತ ಅಮಾತೆಪ್ಪನ ಕಡೆ ನೋಡುವ ಧೈರ್ಯ ಆಗಲಿಲ್ಲ.

ಆಮೇಲೆ ಕಸ್ತೂರಿಯ ವಕೀಲೆ ಎದ್ದಳು. ಪ್ರಿಯದರ್ಶಿನಿ ಎಂದು ಹೆಸರು, ಕರಿ ಕೋಟು ಇನ್ನೂ ಹೊಸದು. “ಈ ರೀತಿ ನೋಡದೆ ಎಷ್ಟು ಪಂಚನಾಮೆಗೆ ಸಹಿ ಮಾಡಿದ್ದೀರಿ?” ಎಂದು ಕೇಳಿದಳು.

“ನೆನಪಿಲ್ರಿ. ಭಾಳ ಮಾಡೀನಿ.”

“ಇದಕ್ಕೆ ಮೊದಲು ಕೋರ್ಟಿಗೆ ಬಂದು ಸಾಕ್ಷಿ ಹೇಳಿದ್ದೀರಾ?”

“ಎರಡು ಸಲ ಹೇಳೀನ್ರಿ.”

“ಆ ಮನೆಗಳಿಗಾದರೂ ಹೋಗಿದ್ದಿರಾ?”

ಸರ್ಕಾರಿ ವಕೀಲರು ಥಟ್ಟನೆ ಎದ್ದರು. ನ್ಯಾಯಾಧೀಶರೂ ಕೈ ಎತ್ತಿದರು. “ಆ ಪ್ರಶ್ನೆ ಬೇಡ. ಅದು ಈ ಪ್ರಕರಣದ ವಿಷಯವಲ್ಲ.” ಟೈಪು ಮಾಡುವವರು ಬೆರಳು ಎತ್ತಿ ಕೂತರು. ಅಷ್ಟರೊಳಗೆ ಬಸಲಿಂಗವ್ವ “ಹೋಗಿದ್ದಿಲ್ರಿ” ಎಂದುಬಿಟ್ಟಿದ್ದಳು. ಅದು ಕಡತಕ್ಕೆ ಸೇರಲಿಲ್ಲ.

ಕಸ್ತೂರಿಯದನ್ನು ಇಲ್ಲೇ ಹೇಳಿ ಮುಗಿಸುವುದು ಒಳ್ಳೆಯದು. ಎರಡು ತಿಂಗಳಿಗೆ ತೀರ್ಪು ಬಂದು ಆಕೆ ಬಿಡುಗಡೆಯಾದಳು. ಪಂಚರಿಲ್ಲದೆ ನಡೆದ ಹುಡುಕಾಟವನ್ನೂ ಮುಚ್ಚಳ ತೆಗೆದ ಮೇಲೆ ಶುರುವಾದ ವಿಡಿಯೋವನ್ನೂ ನಂಬಲು ಬರುವುದಿಲ್ಲ ಎಂದು ಬರೆದಿದೆಯೆಂದು ಬಸಯ್ಯ ಓದಿ ಹೇಳಿದ. ಆಕೆ ಕದ್ದಿದ್ದಳೋ ಇಲ್ಲವೋ, ಬಸಲಿಂಗವ್ವನಿಗೆ ಇವತ್ತಿಗೂ ಗೊತ್ತಿಲ್ಲ. ಮುರಿದ ನಿಶ್ಚಯ ಮತ್ತೆ ಕೂಡಲಿಲ್ಲ. ಠಾಣೆಯ ಡಬ್ಬಿ ಸಾಕ್ಷಿ ಹೇಳಿದ ದಿನವೇ ನಿಂತಿತು. ತಗಡಿನ ಸೂರಿಗೆ ನೋಟೀಸು ಇನ್ನೂ ಬಂದಿಲ್ಲ, ಬರುವುದಿಲ್ಲವೆಂದು ಹೇಳಲಾಗದು.

ಆದರೆ ಸಾಕ್ಷಿ ಹೇಳಿದ ಆ ಗುರುವಾರ ಅಷ್ಟಕ್ಕೇ ಮುಗಿಯಲಿಲ್ಲ. ಬಸಲಿಂಗವ್ವ ಮೆಟ್ಟಿಲಿಳಿದು ಬಂದಳು. ಅಮಾತೆಪ್ಪ ಪಕ್ಕದಲ್ಲೇ ಹಾದುಹೋದ, ಯಕ್ಕಾ ಅನ್ನಲಿಲ್ಲ. ಹೊರಗೆ ಬಂದು ಬೇವಿನ ಗಿಡದ ಬುಡದಲ್ಲಿ ಕೂತಳು. ಹಿಂದೆಯೇ ಒಬ್ಬ ಹೆಂಗಸು ಬಂದು ಎದುರು ನಿಂತಳು. ಅರವತ್ತರ ಆಸುಪಾಸು, ಮಾಸಿದ ಇಳಕಲ್ ಸೀರೆ. ತಮ್ಮನ ಹೊಲದ ಕೇಸಿಗೆಂದು ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದವಳು.

“ನಾ ಸಂಗವ್ವ. ಗುರ್ತು ಸಿಗಲಿಲ್ಲೇನು?”

“ಇಲ್ಲಬೇ ಯವ್ವಾ.”

“ಹೆಂಗ ಸಿಗಬೇಕು? ನೀ ನಮ್ಮ ಮನಿಗಿ ಬಂದ ಇಲ್ಲ.”

ಬಸಲಿಂಗವ್ವನಿಗೆ ತಿಳಿಯಿತು. ಎದ್ದು ನಿಲ್ಲಲು ಹೋದಳು, ಅಷ್ಟರಲ್ಲಿ ಸಂಗವ್ವ ತಾನೇ ಕೆಳಗೆ ಕೂತಳು.

“ನನ್ನ ಮಗ ಶ್ರೀಶೈಲ. ಪಂಪಸೆಟ್ಟಿನ ಮೋಟರ ಕಳುವಿನ ಕೇಸು. ನಮ್ಮ ಹಿತ್ತಲದಾಗ ಸಿಕ್ತು, ನಾ ನೋಡೀನಿ ಅಂತ ನೀ ಇಲ್ಲೇ ನಿಂತು ಹೇಳಿದಿ. ಅವ ನನ್ನ ಕಾಲ ಹಿಡಕೊಂಡು ಅತ್ತ. ಯವ್ವಾ, ಮನಿಗಿ ಯಾರೂ ಬಂದಿಲ್ಲ, ಏನೂ ಸಿಕ್ಕಿಲ್ಲ ಅಂದ. ನಾ ಅವತ್ತ ಹೊಲದಾಗ ಇದ್ನಿ. ನನಗೇನ ಗೊತ್ತು? ಹಣ್ಯಾಗ ವಿಭೂತಿ ಹಚ್ಚಿಕೊಂಡಾಕಿ, ದೇವರ ಆಣಿ ಮಾಡಿ ಹೇಳತಾಳ, ಆಕಿಗೇನು ನಿನ್ನ ಮ್ಯಾಲೆ ದ್ವೇಷ ಅಂದೆ. ನನ್ನ ಹೊಟ್ಟೀಲಿ ಹುಟ್ಟಿದವನ ಮಾತು ಬಿಟ್ಟು ನಿನ್ನ ಮಾತು ನಂಬಿದೆ ನಾ.”

ಸಂಗವ್ವ ಅಳಲಿಲ್ಲ. “ಎರಡು ವರ್ಷ ಸಜಾ ಮುಗಿಸಿ ಬಂದು ಒಂದ ವರ್ಷ ಆತು. ಒಂದ ಮನ್ಯಾಗ ಅದೀವಿ. ತಾಟ ಮುಂದ ಇಡತೇನಿ. ಅವನ ಕೂಡ ಒಂದು ಮಾತಾಡಿಲ್ಲ.”

ಬೈದಿದ್ದರೆ ಬಸಲಿಂಗವ್ವ ತಡೆದುಕೊಳ್ಳುತ್ತಿದ್ದಳು, ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದಳು. ತಪ್ಪಾಯಿತು ಎನ್ನಲು ಹೋದಳು. ಆ ಮಾತು ಬಾಯಿಗೆ ಬರುವಾಗಲೇ ಎಷ್ಟು ಸಣ್ಣದೆಂದು ಗೊತ್ತಾಗಿ ಅಲ್ಲೇ ನುಂಗಿದಳು. ಎರಡನೆಯ ಮನೆ ಯಾರದು? ಕೋರ್ಟಿಗೆ ಬಾರದೆ ಹೋದ ಉಳಿದ ಕಾಗದಗಳು ಯಾರ ಯಾರ ಮನೆಯವು?

“ಏಳು” ಎಂದಳು ಸಂಗವ್ವ. “ಒಳಗ ಹೇಳಿದಿಯಲ್ಲಾ, ಹೋಗಿದ್ದಿಲ್ಲ ಅಂತ. ಅದನ್ನ ನನ್ನ ಮಗನ ಮುಂದ ಹೇಳು ಬಾ. ನಾ ಹೇಳಿದ್ರ ಅವ ನಂಬೂದಿಲ್ಲ ಈಗ.”

ಇಬ್ಬರೂ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು ಹೋದರು. ಸಂಗವ್ವನ ಮನೆಯಲ್ಲಿ ಬಸಲಿಂಗವ್ವ ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡರವರೆಗೆ ಇದ್ದಳೆಂದು, ಹಿತ್ತಲಿಗೆ ಹೋಗಿ ನೋಡಿದಳೆಂದು, ಓದಿಸಿ ಕೇಳಿ ಸಹಿ ಹಾಕಿದಳೆಂದು ಕೋರ್ಟಿನ ಕಡತದಲ್ಲಿ ಇಂದಿಗೂ ಬರೆದಿದೆ. ಬಸ್ಸು ಇಬ್ಬರನ್ನೂ ಹಳ್ಳಿಯ ಮುಂದೆ ಇಳಿಸಿ ಮುಂದೆ ಹೋಯಿತು. ಎರಡು ದಾರಿ ಕೂಡುವಲ್ಲಿ ಬಸಲಿಂಗವ್ವ ನಿಂತಳು.

“ಯಾವ ಕಡೆ ಹೋಗಬೇಕಬೇ?” ಎಂದು ಕೇಳಿದಳು.